ಡಯಾಲಿಸಿಸ್‌ಗೆ ರಜೆ ಇಲ್ರೀ: ಕಿಡ್ನಿ ರೋಗಿಗೆ ಕೊರೊನಾ ಬಂದ್ರೆ ಏನಾಗ್ತದ?

ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಕೇಳೋಕೆ ಟೈಮ್ ಸಿಗದೆ ಇಲ್ಲಿ ಓದ್ತಿರೋರಿಗೂ ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಆದ್ರೆ ನಮ್ಮ ಕಾಕಾ ಡಯಾಲಿಸಿಸ್ ಮೇಲಿದ್ದಾರ. ಸೋಮವಾರ, ಗುರುವಾರ ಅವರನ್ನ ಜೇವರ್ಗಿ ಕಡೆಯಿಂದ ಕಲಬುರಗಿಗೆ ಕರ್ಕೊಂಡು ಹೋಗ್ತಿದ್ದವ ನಾನೇ.

ದೇಶದ ಮೊದಲ ಕೊರೊನಾ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. 76 ವರ್ಷದ ಹಿರಿಯರು. ಮಾರ್ಚ್ 25ರಿಂದ ಲಾಕ್‌ಡೌನ್, ಬಸ್ ಬಂದ್. ಆಳಂದ, ಅಫಜಲಪುರ, ಜೇವರ್ಗಿ ಅಂದ್ರೆ ಕಲಬುರಗಿಯಿಂದ 40ರಿಂದ 60 ಕಿ.ಮೀ. ನಾವು ಕಟ್ಟಿಸಂಗಾವಿ ಹತ್ರ ಭೀಮಾ ಸೇತುವೆ ದಾಟಲೇಬೇಕು. ಎಲ್ಲರಿಗೂ 'ಮನೆಯಲ್ಲೇ ಇರಿ' ಅನ್ನೋದು ರಕ್ಷಣೆ, ಕಾಕಾನಂಥವರಿಗೆ ಅದೇ ಅಪಾಯ.

ಯಾಕಂದ್ರ, ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಕುಡಿದ ನೀರು, ತಿಂದ ಊಟದ ಪೊಟ್ಯಾಸಿಯಂ, ರಕ್ತದ ಕಸ ಎಲ್ಲ ಒಳಗೇ ಉಳೀತದ. ನಮ್ಮ ಖಾತೆ ಪುಸ್ತಕದ ಭಾಷೆಯಲ್ಲಿ ಹೇಳಬೇಕಂದ್ರ, ದಿನಾ ಬಾಕಿ ಏರ್ತದ. ವಾರಕ್ಕೆ ಎರಡು ಮೂರು ಸಲ, ನಾಲ್ಕು ತಾಸಿನಂತೆ ಯಂತ್ರ ಆ ಬಾಕಿ ಚುಕ್ತಾ ಮಾಡ್ತದ. ಒಂದು ಸರದಿ ತಪ್ಪಿದರೂ ನೀರು ಶ್ವಾಸಕೋಶಕ್ಕೆ ತುಂಬಬಹುದು. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯವೇ ನಿಲ್ಲಬಹುದು.

ಇನ್ನು ಸೋಂಕು. ಇವರ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿರುತ್ತದೆ, ಬಹಳ ಮಂದಿಗೆ ಸಕ್ಕರೆ ಕಾಯಿಲೆ, ಬಿಪಿ ಜೊತೆಗೇ ಇರ್ತಾವ. ಮೇಲಿಂದ ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗಬೇಕು. ಲಸಿಕೆ ಬರೋಕೂ ಮೊದಲು ಹಲವು ದೇಶಗಳ ವರದಿಗಳಲ್ಲಿ, ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಐವರಿಗೆ ಒಬ್ಬರು ತೀರಿಕೊಂಡಿದ್ದರು.

ಇಲ್ಲೊಂದು ಗೊಂದಲ ಅದ, ಸ್ವಲ್ಪ ನಿಂತು ಕೇಳ್ರಿ. ಕೊರೊನಾದಲ್ಲೂ ದಮ್ಮು, ಮೈಯಲ್ಲಿ ನೀರು ಹೆಚ್ಚಾದರೂ ದಮ್ಮು. ಆಕ್ಸಿಮೀಟರ್ ಎರಡರಲ್ಲೂ ಕಡಿಮೆ ತೋರಿಸ್ತದ, ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಕಾಕಾಗೆ ಒಂದು ಬುಧವಾರ ಜ್ವರ, ಕೆಮ್ಮು ಬಂತು. ಗುರುವಾರ ಹೋದ್ರೆ 'ರಿಪೋರ್ಟ್ ಬರೋತನಕ ಒಳಗ ಬಿಡಲ್ಲ' ಅಂದ್ರು. ಸಿಬ್ಬಂದಿಯ ಹೆದರಿಕೆ ಸುಳ್ಳಲ್ಲ, ಒಳಗೆ ಬೇರೆ ರೋಗಿಗಳಿದ್ದರು. ಆದ್ರೆ ಶುಕ್ರವಾರ ರಾತ್ರಿ ಕಾಕಾಗೆ ಮಲಗೋಕೇ ಆಗಲಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದರು. ಕಾಕು ಬೀಸಣಿಗೆ ಹಿಡ್ಕೊಂಡು ಪಕ್ಕದಲ್ಲೇ ಇದ್ದಳು. ಶನಿವಾರ ರಿಪೋರ್ಟ್ ಬಂತು, ನೆಗೆಟಿವ್. ಯಂತ್ರ ಮೂರು ಲೀಟರ್‌ಗಿಂತ ಹೆಚ್ಚು ನೀರು ತೆಗೀತು, ಸಂಜೆಗೆ ದಮ್ಮು ಇಳೀತು. ಪಾಸಿಟಿವ್ ಬಂದಿದ್ದರೂ ಡಯಾಲಿಸಿಸ್ ಬೇಕೇ ಇತ್ತಲ್ಲ, ನನ್ನ ಸಿಟ್ಟು ಅದಕ್ಕೇ.

ಕೇಂದ್ರ ಆರೋಗ್ಯ ಇಲಾಖೆ 2020ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು: ಶಂಕಿತರಿಗೆ ಡಯಾಲಿಸಿಸ್ ನಿಲ್ಲಿಸಬಾರದು, ಪ್ರತ್ಯೇಕ ಕೋಣೆಯಲ್ಲೋ ದಿನದ ಕೊನೆಯ ಸರದಿಯಲ್ಲೋ ಮಾಡಬೇಕು. ಆದರೂ ಆ ಲಾಕ್‌ಡೌನ್ ದಿನಗಳಲ್ಲಿ ದೇಶದ 19 ದೊಡ್ಡ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಸುಮಾರು ಶೇ 28 ರೋಗಿಗಳು ಒಂದಾದರೂ ಸರದಿ ತಪ್ಪಿಸಿಕೊಂಡಿದ್ದರು. ಹಳ್ಳಿಗಳ ಲೆಕ್ಕ ನೀವೇ ಊಹಿಸ್ರಿ.

ಲಸಿಕೆ ವಿಷಯ. 2021ರ ಮಾರ್ಚ್ 1ರಿಂದ 45 ದಾಟಿದ ಡಯಾಲಿಸಿಸ್ ರೋಗಿಗಳಿಗೆ ಆದ್ಯತೆ ಸಿಕ್ಕಿತು, ಅದಕ್ಕಿಂತ ಚಿಕ್ಕವರು ಮೇವರೆಗೆ ಕಾಯಬೇಕಾಯ್ತು. ಇವರ ಮೈಯಲ್ಲಿ ಲಸಿಕೆ ಸ್ವಲ್ಪ ಮಂದವಾಗಿಯೇ ಕೆಲಸ ಮಾಡ್ತದ, ಆದ್ರೂ ಸಾವು ತಗ್ಗಿಸ್ತದ. ಬೂಸ್ಟರ್ ಬೇಕಾ ಅಂತ ನಿಮ್ಮ ಕಿಡ್ನಿ ಡಾಕ್ಟರನ್ನೇ ಕೇಳ್ರಿ.

ಕೊರೊನಾ ಇನ್ನೂ ಪೂರ್ತಿ ಹೋಗಿಲ್ಲ. ಮನೆಯಲ್ಲಿ ಇಂಥವರಿಗೆ ಜ್ವರ ಬಂದ್ರೆ ನಮ್ಮ ಪ್ರೀತಿಯೇ ಮುಳುವಾಗಬಹುದು. ಎಳನೀರು, ಮೋಸಂಬಿ ರಸ, ಬಾಳೆಹಣ್ಣು ಅಂತ ಓಡ್ತೀವಲ್ಲ, ಮೂರರಲ್ಲೂ ಪೊಟ್ಯಾಸಿಯಂ ಅದ. 'ಕಷಾಯ ಚೆಂದಾಗಿ ಕುಡೀರಿ' ಅಂತ ಲೋಟಗಟ್ಟಲೆ ಕೊಟ್ರೆ ಅದೂ ನೀರಿನ ಲೆಕ್ಕಕ್ಕೇ ಸೇರ್ತದ. ಮೆಡಿಕಲ್ ಅಂಗಡಿಯ ನೋವಿನ ಮಾತ್ರೆಯೂ ಡಾಕ್ಟರನ್ನ ಕೇಳದೆ ಬ್ಯಾಡ.

ಸರದಿ ಮಾತ್ರ ತಪ್ಪಿಸಬ್ಯಾಡ್ರಿ. ಹೊರಡೋಕೂ ಮೊದಲೇ ಸೆಂಟರ್‌ಗೆ ಫೋನ್ ಮಾಡಿ ಜ್ವರ ಅದ ಅಂತ ಹೇಳ್ರಿ, ಮಾಸ್ಕ್ ಹಾಕಿಸ್ರಿ, ಪ್ರತ್ಯೇಕ ವ್ಯವಸ್ಥೆ ಕೇಳ್ರಿ. ಅಲ್ಲಿ ಆಗಲ್ಲ ಅಂದ್ರೆ ಎಲ್ಲಿ ಆಗ್ತದ ಅಂತ ಅವರಿಂದಲೇ ತಿಳ್ಕೊಳ್ರಿ. ದಮ್ಮು, ಎದೆ ಬಡಿತದಲ್ಲಿ ಏರುಪೇರು, ಕೈಕಾಲು ಸೋಲು ಕಂಡರೆ ರಿಪೋರ್ಟ್ ಕಾಯದೆ 108ಕ್ಕೆ ಫೋನ್ ಮಾಡ್ರಿ.

ಮತ್ತೊಂದು, ಈಗಲೇ ಫೋನ್ ಕೈಯಲ್ಲಿದೆಯಲ್ಲ. ಮನೆಯವರ ಡಯಾಲಿಸಿಸ್ ಕಾರ್ಡಿನ ಫೋಟೊ ತೆಗೆದಿಡ್ರಿ. ಹಿಂದಿನ ಸರದಿ ಯಾವತ್ತು, ನೀರು ತೆಗೆದ ಮೇಲೆ ತೂಕ ಎಷ್ಟಿರಬೇಕು ಅಂತ ಹೊಸ ಆಸ್ಪತ್ರೆಯವರು ಮೊದಲು ಅದನ್ನೇ ಕೇಳ್ತಾರ. ಕಾಕಾನ ತೂಕ 54 ಕೆ.ಜಿ. ಆ ಶನಿವಾರ ತಕ್ಕಡಿ 58 ತೋರಿಸಿತ್ತು.