ಬದುವಿನ ಹುಲ್ಲು, ಚಿಟ್ಟೆಯ ಮನೆ



ಬೆಳಗಿನ ಹಾಲು ಡೇರಿಗೆ ಹಾಕಿ, ಮನೆಗೆಲಸ ಮುಗಿಸಿ, ಕುಡುಗೋಲು ಹಿಡಿದು ಹುಲ್ಲಿಗೆ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಚಿಟ್ಟೆಗಳು ಹಾರುವುದೂ ಅದೇ ಹೊತ್ತಿನಲ್ಲಿ. ಬದುವಿನ ಮೇಲೆ ಕೂತು ಹುಲ್ಲು ಕೊಯ್ಯುವಾಗ ಕೈ ಮುಂದೆಯೇ ಸಣ್ಣ ಹಳದಿ ಚಿಟ್ಟೆ ಎದ್ದು ಹಾರಿದ್ದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಈಗ ಒಂದು ನಿಮಿಷ ನೆನಪು ಮಾಡಿಕೊಳ್ಳಿ. ನೀವು ಮದುವೆಯಾಗಿ ಈ ಊರಿಗೆ ಬಂದ ವರ್ಷ ಅದೇ ಬದುವಿನ ಮೇಲೆ ಎಷ್ಟು ಚಿಟ್ಟೆಗಳಿದ್ದವು? ಈಗ ಎಷ್ಟಿವೆ?

"ಚಿಟ್ಟೆ ಕಡಿಮೆಯಾದರೆ ನನ್ನ ಹಾಲಿನ ಲೆಕ್ಕಕ್ಕೇನು ನಷ್ಟ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಚಿಟ್ಟೆಯಿಂದ ಫ್ಯಾಟ್ ಹೆಚ್ಚುವುದಿಲ್ಲ. ಆದರೆ ಚಿಟ್ಟೆ ಬದುಕುವ ಜಾಗದಲ್ಲೇ ನಿಮ್ಮ ಹಸುವಿನ ಪುಕ್ಕಟೆ ಮೇವೂ ಬೆಳೆಯುತ್ತದೆ. ಒಂದು ಹೋಗುತ್ತಿದೆ ಎಂದರೆ ಇನ್ನೊಂದೂ ಹೋಗುತ್ತಿದೆ ಎಂದೇ ಅರ್ಥ.

ಚಿಟ್ಟೆಗೆ ಹೂವಷ್ಟೇ ಸಾಲದು

ಚಿಟ್ಟೆ ಎಂದರೆ ಹೂವು ಎಂದು ನಾವು ತಿಳಿದಿದ್ದೇವೆ. ಹೂವಿನ ಮಕರಂದ ಬೇಕಾದದ್ದು ರೆಕ್ಕೆ ಬಂದ ಚಿಟ್ಟೆಗೆ. ಅದಕ್ಕೂ ಮುಂಚೆ ಅದು ಮೊಟ್ಟೆಯಾಗಿ, ಕಂಬಳಿಹುಳದಂಥ ಮರಿಹುಳುವಾಗಿ, ಗೂಡಿನಂಥ ಕೋಶವಾಗಿ ಬದುಕಬೇಕು. ಮರಿಹುಳು ಸಿಕ್ಕಿದ ಸೊಪ್ಪನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಜಾತಿಗೆ ಒಂದೊಂದು ಗಿಡ. ತಾಯಿ ಚಿಟ್ಟೆ ಆ ಗಿಡವನ್ನು ಹುಡುಕಿಕೊಂಡು ಹೋಗಿಯೇ ಮೊಟ್ಟೆ ಇಡುತ್ತದೆ.

ಆ ಗಿಡಗಳನ್ನು ನೀವು ಚೆನ್ನಾಗಿ ಬಲ್ಲಿರಿ. ಕಿತ್ತಳೆ ರೆಕ್ಕೆಗೆ ಕಪ್ಪು ಅಂಚಿರುವ ಚಿಟ್ಟೆಗೆ ಎಕ್ಕದ ಗಿಡ ಬೇಕು. ಹಿತ್ತಿಲಿಗೆ ಬರುವ ದೊಡ್ಡ ಕಪ್ಪು ಚಿಟ್ಟೆಗೆ ಕರಿಬೇವು, ನಿಂಬೆ ಬೇಕು. ಸಣ್ಣ ಹಳದಿ ಚಿಟ್ಟೆಗೆ ಚೊಗಚೆ ಆಗುತ್ತದೆ. ಕೆಲವು ಕಡೆ ಇದನ್ನೇ ಅಗಸೆ ಎನ್ನುತ್ತಾರೆ, ಹಸುವಿಗೂ ಆಡಿಗೂ ಸೊಪ್ಪು ಹಾಕುತ್ತಾರೆ. ಕಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟಿಟ್ಟಂತೆ ಕಾಣುವ ಚಿಟ್ಟೆಯ ಮರಿಹುಳು ಗೋಣಿಸೊಪ್ಪು ತಿನ್ನುತ್ತದೆ. ಹರಳು ಗಿಡಕ್ಕೆಂದೇ ಒಂದು ಚಿಟ್ಟೆ ಇದೆ. ಸಂಜೆ ಹೊತ್ತು ಕೊಟ್ಟಿಗೆಯ ದೀಪದ ಬಳಿ ಬರುವ ಕಂದು ಚಿಟ್ಟೆಯ ಮರಿಹುಳು ತಿನ್ನುವುದು ಹುಲ್ಲನ್ನೇ.

ಕೊಟ್ಟಿಗೆಯ ಹೊರಗೆ ಗಂಜಲ ಹರಿದು ಒದ್ದೆಯಾದ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುವುದನ್ನೂ ನೀವು ನೋಡಿರಬಹುದು. ಅವು ಹೆಚ್ಚಾಗಿ ಗಂಡು ಚಿಟ್ಟೆಗಳು. ಹೂವಿನ ರಸದಲ್ಲಿ ಸಿಗದ ಉಪ್ಪಿನಂಶವನ್ನು ಅಲ್ಲಿ ಹೀರುತ್ತವೆ. ಹೆಣ್ಣಿನೊಡನೆ ಕೂಡುವಾಗ ಅದನ್ನು ಅವಳಿಗೆ ದಾಟಿಸುತ್ತವೆ. ನಿಮ್ಮ ಹಸುವಿಗೂ ಚಿಟ್ಟೆಗೂ ಇರುವ ನಂಟು ಹೊಸದಲ್ಲ.

ಹೂವು ಕಂಡಲ್ಲೆಲ್ಲ ಚಿಟ್ಟೆಯ ಮನೆ ಇದೆ ಎಂದುಕೊಳ್ಳಬೇಡಿ. ಬೇಲಿಯ ತುಂಬ ಲಂಟಾನ ಹೂ ಬಿಟ್ಟರೆ ಚಿಟ್ಟೆ ಬಂದು ರಸ ಕುಡಿಯುತ್ತದೆ. ಆದರೆ ಅದರ ಸೊಪ್ಪು ಚಿಟ್ಟೆ ಮರಿಗೂ ಆಗದು, ದನಕ್ಕೆ ವಿಷ. ಊಟ ಇದೆ, ಬಾಣಂತನಕ್ಕೆ ಜಾಗವಿಲ್ಲ ಎಂಬಂತೆ.

ಬದು ಬದಲಾದದ್ದು

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದ ಕಾಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು ಎಲ್ಲವೂ ಒಂದೇ ಹೊಲದಲ್ಲಿದ್ದವು. ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುತ್ತಿತ್ತು. ಅಕ್ಕಡಿ ಕಾಳು ಬಿತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಈಗ ಅನೇಕ ಕಡೆ ಹೊಲದ ತುಂಬ ಒಂದೇ ಬೆಳೆ. ಗೋಮಾಳಗಳು ಕಿರಿದಾಗಿವೆ. ಮಳೆ ಹೇಳಿದ ಮಾತು ಕೇಳುವುದಿಲ್ಲ. ಮೊದಲ ಮಳೆಗೆ ಚಿಗುರಿದ ಗಿಡದ ಮೇಲೆ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಮಳೆ ತಿಂಗಳುಗಟ್ಟಲೆ ಕೈಕೊಟ್ಟರೆ, ಗಿಡ ಒಣಗುತ್ತದೆ, ಮರಿಹುಳು ಸಾಯುತ್ತದೆ.

ಮಳೆ ನಮ್ಮ ಕೈಯಲ್ಲಿಲ್ಲ. ಬದು ನಮ್ಮ ಕೈಯಲ್ಲಿದೆ. ಅದಕ್ಕೇ ಕಳೆನಾಶಕದ ಮಾತು ಆಡಬೇಕು.

ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೊರೆ. ಹೊಲದೊಳಗೆ ಸಿಂಪಡಿಸುವಾಗ ಪಂಪಿನಲ್ಲಿ ಉಳಿದದ್ದನ್ನು ಬದುವಿಗೂ ಹೊಡೆದುಬಿಡುತ್ತಾರೆ. ನಾಲ್ಕು ದಿನದಲ್ಲಿ ಬದು ಕೆಂಪಗೆ ಸುಟ್ಟಂತಾಗುತ್ತದೆ. ನೋಡಲು ಹೊಲ ಚೊಕ್ಕಟ. ಆದರೆ ಲೆಕ್ಕ ಹಾಕಿ. ಕುಡುಗೋಲಿನಿಂದ ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ. ಬೇರಿಗೆ ಇಳಿಯುವ ಔಷಧಿ ಹೊಡೆದ ಹುಲ್ಲು ಬುಡಸಮೇತ ಸಾಯುತ್ತದೆ. ಬೇರು ಸತ್ತ ಬದು ಜೋರು ಮಳೆಗೆ ಕುಸಿಯುತ್ತದೆ. ಆ ಹುಲ್ಲಿನಲ್ಲಿದ್ದ ಮೊಟ್ಟೆ, ಮರಿಹುಳು, ಜೇಡ, ಗುಲಗಂಜಿ ಹುಳು ಎಲ್ಲವೂ ನೆಲೆ ಕಳೆದುಕೊಳ್ಳುತ್ತವೆ. ಗುಲಗಂಜಿ ಹುಳು ಬೆಳೆಯ ಹೇನನ್ನು ತಿಂದು ಬದುಕುವಂಥದ್ದು. ಅದು ಹೋದರೆ ನಷ್ಟ ಯಾರಿಗೆ ಎಂದು ಹೇಳಬೇಕಾಗಿಲ್ಲ.

ಇನ್ನೂ ಒಂದು ಮಾತಿದೆ. ನಮ್ಮ ಸಂಘಗಳಿಗೆ ಹಾಲು ಹಾಕುವವರೆಲ್ಲರಿಗೂ ಜಮೀನಿಲ್ಲ. ಒಂದು ಹಸು ಕಟ್ಟಿಕೊಂಡು, ಬೇರೆಯವರ ಬದುವಿನಲ್ಲಿ ಹುಲ್ಲು ಕೊಯ್ದು ತಂದು ಸಂಸಾರ ತೂಗಿಸುವ ಹೆಣ್ಣುಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಬದು ಸುಟ್ಟರೆ ಚಿಟ್ಟೆಯ ಜೊತೆಗೆ ಮೊದಲು ನೆಲೆ ಕಳೆದುಕೊಳ್ಳುವವರು ಅವರು.

ದನ ಮೇಯದೆ ಹೋದ ಚಿಟ್ಟೆ

ದನಕ್ಕೂ ಚಿಟ್ಟೆಗೂ ಇರುವ ಸಂಬಂಧವನ್ನು ತೋರಿಸುವ ಕಥೆಯೊಂದು ಇಂಗ್ಲೆಂಡಿನದು. ಅಲ್ಲಿ ದೊಡ್ಡ ನೀಲಿ ಚಿಟ್ಟೆ ಎಂಬ ಅಪರೂಪದ ಜಾತಿ ಇತ್ತು. ಅದು ಕಡಿಮೆಯಾಗುತ್ತಿದೆ ಎಂದು ಜನ ಗಾಬರಿಯಾದರು. ಹಿಡಿದು ಮಾರುವವರು ಬಾರದಂತೆ ಕೆಲವು ಕಡೆ ಬೇಲಿ ಹಾಕಿ ಕಾಪಾಡಿದರು. ಬೇಲಿ ಹಾಕಿದ ಜಾಗದಲ್ಲೂ ಚಿಟ್ಟೆ ಉಳಿಯಲಿಲ್ಲ. 1979ರಲ್ಲಿ ಆ ದೇಶದಲ್ಲಿ ಅದು ಪೂರ್ತಿ ಅಳಿಯಿತು.

ಕಾರಣ ಕಂಡುಹಿಡಿದವರು ಜೆರೆಮಿ ಥಾಮಸ್ ಎಂಬ ವಿಜ್ಞಾನಿ. ಆ ಚಿಟ್ಟೆಯ ಮರಿಹುಳು ಮೊದಲು ಒಂದು ಗಿಡದ ಹೂ ತಿಂದು, ಆಮೇಲೆ ನೆಲಕ್ಕೆ ಬೀಳುತ್ತದೆ. ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನದೇ ಮರಿ ಎಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು. ಹುಲ್ಲು ಗಿಡ್ಡವಾಗಿದ್ದರೆ ಮಾತ್ರ ಬಿಸಿಲು ನೆಲಕ್ಕೆ ತಾಗುತ್ತದೆ. ದನ, ಕುರಿ ಮೇಯುವುದು ನಿಂತಿತ್ತು, ಮೊಲಗಳು ರೋಗ ಬಂದು ಸತ್ತಿದ್ದವು. ಹುಲ್ಲು ಎತ್ತರ ಬೆಳೆದು ನೆಲ ತಣ್ಣಗಾಯಿತು, ಇರುವೆ ಹೋಯಿತು, ಹಿಂದೆಯೇ ಚಿಟ್ಟೆಯೂ ಹೋಯಿತು.

ಮತ್ತೆ ದನ, ಕುರಿ ಮೇಯಿಸಿ ಹುಲ್ಲು ಹದ ಮಾಡಿ, 1980ರ ದಶಕದಲ್ಲಿ ಸ್ವೀಡನ್ನಿನಿಂದ ಅದೇ ಚಿಟ್ಟೆಯನ್ನು ತಂದು ಬಿಟ್ಟರು. ಈಗ ಇಂಗ್ಲೆಂಡಿನ ಹಲವು ಹುಲ್ಲುಗಾವಲುಗಳಲ್ಲಿ ಅದು ಹಾರುತ್ತಿದೆ. ಬೇಲಿ ಮಾಡಲಾಗದ ಕೆಲಸವನ್ನು ದನದ ಬಾಯಿ ಮಾಡಿತು. ನಮ್ಮ ಬದುವಿಗೂ ಇದೇ ಮಾತು: ಹುಲ್ಲು ಕೊಯ್ಯುವುದರಿಂದ, ಹದವಾಗಿ ಮೇಯಿಸುವುದರಿಂದ ಚಿಟ್ಟೆಗೆ ಕೇಡಿಲ್ಲ. ಬುಡ ಸುಡುವುದರಿಂದ ಕೇಡು.

ಸಗಣಿಯೊಳಗಿನ ಕೆಲಸಗಾರರು

ಚಿಟ್ಟೆ ಕಣ್ಣಿಗೆ ಕಾಣುತ್ತದೆ. ಕಾಣದೆ ದುಡಿಯುವ ಹುಳುಗಳೂ ಇವೆ. ಮೇಯುವ ಜಾಗದಲ್ಲಿ ಬಿದ್ದ ಸಗಣಿಯನ್ನು ಸಗಣಿಹುಳುಗಳು ಉಂಡೆ ಕಟ್ಟಿ ಉರುಳಿಸುತ್ತವೆ, ಮಣ್ಣಿನೊಳಕ್ಕೆ ಎಳೆದೊಯ್ಯುತ್ತವೆ. ಇದರಿಂದ ಗೊಬ್ಬರ ಬೇರಿಗೆ ಸೇರುತ್ತದೆ, ನೊಣ ಮೊಟ್ಟೆ ಇಡಲು ಜಾಗ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಮೂಲತಃ ದನ ಇರಲಿಲ್ಲ. ಅಲ್ಲಿನ ಹುಳುಗಳಿಗೆ ಕಾಂಗರೂವಿನ ಒಣ ಹಿಕ್ಕೆ ಗೊತ್ತಿತ್ತೇ ಹೊರತು ಹಸುವಿನ ಸಗಣಿ ಗೊತ್ತಿರಲಿಲ್ಲ. ಸಗಣಿ ತಿಂಗಳುಗಟ್ಟಲೆ ಒಣಗಿ ಬಿದ್ದು ಹುಲ್ಲು ಸತ್ತಿತು, ನೊಣದ ಕಾಟ ಹೆಚ್ಚಿತು. ಕೊನೆಗೆ 1960ರ ದಶಕದ ಕೊನೆಯಿಂದ ಬೇರೆ ದೇಶಗಳ ಸಗಣಿಹುಳುಗಳನ್ನು ತರಿಸಿ ಬಿಡಬೇಕಾಯಿತು. ನಮಗೆ ಅವು ಪುಕ್ಕಟೆ ಬಂದಿವೆ.

ಜಂತುಹುಳು ಮತ್ತು ಉಣ್ಣೆಗೆ ಕೊಡುವ ಐವರ್ಮೆಕ್ಟಿನ್‌ನಂಥ ಔಷಧಿಯ ಒಂದು ಭಾಗ ಸಗಣಿಯಲ್ಲಿ ಹೊರಬರುತ್ತದೆ. ಆ ಸಗಣಿಯಲ್ಲಿ ಸಗಣಿಹುಳುವಿನ ಮರಿಗಳು ಸಾಯುತ್ತವೆ. ಹಾಗೆಂದು ಜಂತುನಾಶಕ ನಿಲ್ಲಿಸಬೇಡಿ. ಕರುವಿಗೆ ಅದು ಬೇಕೇ ಬೇಕು. ಅಂಗಡಿಯಿಂದ ತಂದು ಅಂದಾಜಿನಲ್ಲಿ ಕೊಡುವುದನ್ನು ನಿಲ್ಲಿಸಿ. ಪಶುವೈದ್ಯರ ಬಳಿ ಸಗಣಿ ಪರೀಕ್ಷೆ ಮಾಡಿಸಿ, ಯಾವ ಔಷಧಿ, ಎಷ್ಟು, ಎಷ್ಟು ದಿನ ಆ ಹಸುವಿನ ಹಾಲು ಡೇರಿಗೆ ಹಾಕಬಾರದು ಎಂದು ಕೇಳಿಕೊಂಡು ಕೊಡಿ.

ಒಂದು ಎಚ್ಚರಿಕೆ: ತಿಪ್ಪೆ ಕೆದಕಿದಾಗ ಸಿಗುವ ದಪ್ಪ ಬಿಳಿ ಹುಳು ಸಗಣಿಹುಳುವಲ್ಲ. ಅದು ಹೆಚ್ಚಾಗಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ಅದನ್ನು ಆರಿಸಿ ತೆಗೆಯಿರಿ.

ಈ ಮಳೆಗಾಲದಲ್ಲಿ ನೀವು ಮಾಡಬಹುದಾದದ್ದು

• ಹೊಲಕ್ಕೆ ಕಳೆನಾಶಕ ಹೊಡೆಯಲೇಬೇಕಾದರೂ ಬದುವನ್ನು ಬಿಡಿ. ಔಷಧಿ ಹೊಡೆದ ಜಾಗದ ಹುಲ್ಲನ್ನು ಹಸುವಿಗೆ ಹಾಕಬೇಡಿ. ಮನೆಯ ಗಂಡಸರಿಗೂ ಸಿಂಪಡಿಸುವ ಆಳಿಗೂ ಮೊದಲೇ ಹೇಳಿ.

• ಬದುವಿನ ಹುಲ್ಲನ್ನು ಒಂದೇ ದಿನ ಪೂರ್ತಿ ಕೊಯ್ಯಬೇಡಿ. ಈ ವಾರ ಒಂದು ಭಾಗ, ಮುಂದಿನ ವಾರ ಇನ್ನೊಂದು ಭಾಗ. ಹಸುವಿಗೆ ದಿನಾ ಎಳೆ ಹುಲ್ಲು, ಮರಿಹುಳುವಿಗೆ ಉಳಿದ ಭಾಗ. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಾಕಬೇಡಿ.

• ಬದುವಿನ ಒಂದು ಮೂಲೆಯಲ್ಲಿ ನಾಲ್ಕು ಚೊಗಚೆ ಗಿಡ ಹಾಕಿ. ಮರಿಹುಳು ಒಂದಿಷ್ಟು ಎಲೆ ತಿಂದರೆ ತಿನ್ನಲಿ, ಗಿಡ ಮತ್ತೆ ಚಿಗುರುತ್ತದೆ. ಬೇಲಿಯ ಒಂದು ಎಕ್ಕದ ಗಿಡವನ್ನು ಕಡಿಯದೆ ಬಿಡಿ.

• ರಾಗಿಯಲ್ಲಿ ಒಂದೆರಡು ಅಕ್ಕಡಿ ಸಾಲು ಮತ್ತೆ ಹಾಕಿ. ಹುಚ್ಚೆಳ್ಳು ಚೆನ್ನಾಗಿ ಕಾಳು ಕಟ್ಟಲು ಜೇನ್ನೊಣ ಬೇಕು. ಅದರ ಹೂವು ಜೇನನ್ನೂ ಚಿಟ್ಟೆಯನ್ನೂ ಕರೆಯುತ್ತದೆ, ಹಿಂಡಿ ಹಸುವಿಗೆ ಬರುತ್ತದೆ.

• ಜಂತುನಾಶಕ ಕೊಟ್ಟ ಕೆಲವು ದಿನ ಆ ದನವನ್ನು ಗೋಮಾಳಕ್ಕೆ ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಿ.

• ಸಂಘದ ಸಭೆಯಲ್ಲಿ ಗೋಮಾಳದ ಮಾತು ಎತ್ತಿ. ಉಳಿದಿರುವ ತುಂಡಾದರೂ ಹುಲ್ಲಾಗಿ ಉಳಿಯಲಿ.

ಇದರಲ್ಲಿ ಯಾವುದಕ್ಕೂ ಹೆಚ್ಚಿನ ದುಡ್ಡು ಬೇಡ. ಒಂದು ಬದುವಿನಿಂದ ಶುರು ಮಾಡಿ. ಮಳೆ ಬಿದ್ದು ಹುಲ್ಲು ಎದ್ದ ಮೇಲೆ, ಹುಲ್ಲಿಗೆ ಹೋದಾಗ ಜೊತೆಗೆ ಬಂದ ಮಗುವಿಗೆ ಎಣಿಸಲು ಹೇಳಿ: ಇವತ್ತು ಎಷ್ಟು ಚಿಟ್ಟೆ ಎದ್ದು ಹಾರಿದವು ಎಂದು. ಹಾಲಿನ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ಸಂಖ್ಯೆಯನ್ನೂ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಎಣಿಸಿ. ಸಂಖ್ಯೆ ಏರಿದ್ದರೆ ನಿಮ್ಮ ಬದು ಬದುಕಿದೆ ಎಂದು ತಿಳಿಯಿರಿ. ಅದರ ಹುಲ್ಲು ನಿಮ್ಮ ಹಸುವಿಗೂ, ಪಕ್ಕದ ಮನೆಯ ಜಮೀನಿಲ್ಲದ ಅಕ್ಕನ ಹಸುವಿಗೂ ಸಿಗುತ್ತದೆ.