ಹೊಳಪಿಗೆ ಮೊದಲು ಹಿಡಿತ

ಅಜ್ಜನ ಕಾಲದ ಬಿದರಿ ಹೂದಾನಿಯೊಂದು ಕಪಾಟಿನಲ್ಲಿ ಮಸುಕಾಗಿ ಕುಳಿತಿದ್ದರೆ, ಹಬ್ಬದ ಮುನ್ನಾದಿನ ಹಿತ್ತಾಳೆಯ ಪಾತ್ರೆಗಳ ಜೊತೆಗೆ ಅದಕ್ಕೂ ಹುಣಿಸೆಹಣ್ಣು ಹಚ್ಚಿ ಉಜ್ಜೋಣವೆಂದು ಗೃಹಿಣಿಯರಿಗೆ ತೋರುವುದು ಸಹಜ. ಆದರೆ ಸ್ವಲ್ಪ ತಾಳಿರಿ! ಹಿತ್ತಾಳೆಗೆ ಹಿತವಾದುದು ಬಿದರಿಗೆ ಹಿತವಲ್ಲ. ಅದೇಕೆಂದು ತಿಳಿಯಲು ಬೀದರಿನ ಕುಶಲಕರ್ಮಿಯ ಕಾರ್ಯಾಗಾರವನ್ನು ಒಮ್ಮೆ ಇಣುಕಿ ನೋಡಬೇಕು.

ಅಲ್ಲಿ ಸತುವಿಗೆ ಅಲ್ಪಪ್ರಮಾಣದ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರಿ, ಕಪ್ಪಾದ ಮೈಮೇಲೆ ಚಿತ್ತಾರ ಗೀಚುತ್ತಾರೆ. ಮುಂದಿನದು ಕೆತ್ತನೆ. ದುಂಡನೆಯ ಹೂದಾನಿ ಉಳಿಯ ಏಟಿಗೆ ಜಾರದಿರಬೇಕಲ್ಲವೆ? ಅದನ್ನು ಕಲ್ಲಿನ ಮೇಲೆ ಕರಗಿಸಿದ ಮೇಣದಿಂದ ಅಂಟಿಸಿ ಕೆತ್ತುವುದು ಅಲ್ಲಿನ ಹಳೆಯ ಉಪಾಯ. ಮೇಣ ಆರಿದೊಡನೆ ಉಡದ ಹಿಡಿತ; ಬಿಸಿ ತಾಗಿಸಿದರೆ ಗಾಯವಿಲ್ಲದ ಬಿಡುಗಡೆ! ಕೆತ್ತಿದ ಗೀರುಗಳಲ್ಲಿ ಬೆಳ್ಳಿಯನ್ನು ಕೂರಿಸಿ, ಮತ್ತೆ ಸಮಗೊಳಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣವನ್ನು ಲೇಪಿಸುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗಾಗಿಯೇ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಆ ಕಪ್ಪು ಕೇವಲ ಮೇಲ್ಪದರ. ಹುಣಿಸೆಯ ಹುಳಿ ಸತುವನ್ನು ತಿನ್ನುತ್ತದೆ. ಬೂದಿ, ಇಟ್ಟಿಗೆಪುಡಿಗಳು ಕಪ್ಪನ್ನು ಗೀರುತ್ತವೆ. ತಲೆಮಾರುಗಳ ಸೊಬಗು ಒಂದೇ ಮಧ್ಯಾಹ್ನದಲ್ಲಿ ಅಳಿದುಹೋದೀತು.

ಇದೇ ಎಚ್ಚರಿಕೆ ದೂರದ ಅಮೆರಿಕದಲ್ಲಿಯೂ ಇದೆ. ಅಲ್ಲಿಯ ಹವ್ಯಾಸಿಗಳು ಹಳೆಯ ಪಿನ್‌ಬಾಲ್ ಆಟದ ಯಂತ್ರಗಳನ್ನು ಮನೆಯಲ್ಲಿಯೇ ಸರಿಪಡಿಸುತ್ತಾರೆ. ಪ್ರಸಿದ್ಧವಾದ ಗಾಟ್‌ಲೀಬ್ ಯಂತ್ರಗಳ ತಯಾರಿಕೆ 1996ರಲ್ಲಿಯೇ ನಿಂತುಹೋಯಿತು. ಆದ್ದರಿಂದ ಹಳೆಯ ಬಿಡಿಭಾಗಗಳನ್ನು ಉಳಿಸಿಕೊಳ್ಳುವುದೇ ಜಾಣತನ. ಪುಟ್ಟ ಲೋಹದ ಗೂಟವನ್ನು ಬೋಲ್ಟಿಗೆ ಸಿಕ್ಕಿಸಿ, ಡ್ರಿಲ್ ಯಂತ್ರದಲ್ಲಿ ತಿರುಗಿಸಿ, ಬಟ್ಟೆಯೊತ್ತಿ ಹೊಳಪಿಸುತ್ತಾರೆ. ಒಳಗೂ ಹೊರಗೂ ಒಂದೇ ಲೋಹವಾದರೆ ಭಯವಿಲ್ಲ. ನಿಕ್ಕಲ್ ಲೇಪದ ಭಾಗವಾದರೆ ಅತಿಯಾಗಿ ಉಜ್ಜಿದಷ್ಟೂ ಲೇಪವೇ ಸವೆಯುತ್ತದೆ.

ಇನ್ನು ನಮ್ಮ ಹೂದಾನಿಗೆ ತಕ್ಕ ಹಿಡಿಕೆ ಯಾವುದು? ಇಂಡಿ ತಾಲ್ಲೂಕಿನ ಲಚ್ಯಾಣವಿರಲಿ, ಬೀದರಿನ ಹಳ್ಳಿಯಿರಲಿ, ತುಂಬಿದ ಕೊಡ ಹೊರುವವರ ತಲೆಯ ಮೇಲಿನ ಸಿಂಬಿಯೇ ಸಾಕು! ಹಳೆಯ ಹತ್ತಿಯ ಸೀರೆಯನ್ನು ಸುರುಳಿ ಸುತ್ತಿ ಬಳೆಯಂತೆ ಮಾಡಿ, ಮೇಜಿನ ಮೇಲಿಟ್ಟು, ಅದರಲ್ಲಿ ಹೂದಾನಿಯನ್ನು ಮಲಗಿಸಿರಿ. ಅದು ಉರುಳುವುದಿಲ್ಲ, ನೀವೂ ಬಿಗಿಯಾಗಿ ಒತ್ತಬೇಕಾಗಿಲ್ಲ. ಒಣಗಿದ ಮೆದುಬಟ್ಟೆಯಿಂದ ಧೂಳು ತೆಗೆದು, ಒಂದೆರಡು ಹನಿ ಕೊಬ್ಬರಿಎಣ್ಣೆಯನ್ನು ತೆಳುವಾಗಿ ಸವರಿ, ಮಿಕ್ಕುದನ್ನು ಒರೆಸಿಬಿಡಿ. ಬೆಳ್ಳಿಯ ಎಳೆ ಎದ್ದಿದ್ದರೆ ಅಥವಾ ಕಪ್ಪು ಕಿತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಬಿದರಿ ಕೆಲಸ ಬಲ್ಲವರ ಕೈಗೊಪ್ಪಿಸಿರಿ. ಅವರು ಮತ್ತೆ ಕಪ್ಪೇರಿಸಬಲ್ಲರು. ಸವೆದುಹೋದ ಚಿತ್ತಾರವನ್ನು ಮಾತ್ರ ಮೊದಲಿನಂತೆ ಮರಳಿಸಲಾರರು.