ಬಿಳಿಯ ಅನ್ನವೂ ಹಡಗಿನ ವೈದ್ಯನೂ

ಸಮುದ್ರಯಾನವೆಂದೊಡನೆ ಬಿರುಗಾಳಿ, ಕಡಲ್ಗಳ್ಳರು, ಫಿರಂಗಿಗಳು ನಮ್ಮ ಕಣ್ಣೆದುರು ಬರುತ್ತವೆ. ಆದರೆ ಹಾಯಿಹಡಗುಗಳ ಕಾಲದಲ್ಲಿ ನಾವಿಕರನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಕಾಯಿಲೆ. ಹಡಗಿನ ವೈದ್ಯನ ಬಳಿ ಔಷಧಿಗಳು ಕಡಿಮೆ, ಉಪಕರಣಗಳು ಇನ್ನೂ ಕಡಿಮೆ. ಆದರೂ ದಡದ ಮೇಲಿನ ದೊಡ್ಡ ದೊಡ್ಡ ವೈದ್ಯರಿಗೂ ಇಲ್ಲದ ಒಂದು ಅನುಕೂಲ ಅವನಿಗಿತ್ತು. ಹಡಗು ಮುಚ್ಚಿದ ಪುಟ್ಟ ಜಗತ್ತು. ಅಲ್ಲಿ ಎಷ್ಟು ಜನ ಇದ್ದಾರೆ, ಯಾರು ಏನು ತಿನ್ನುತ್ತಾರೆ, ಯಾರು ಎಂದು ಹಾಸಿಗೆ ಹಿಡಿದರು ಎಂಬುದೆಲ್ಲ ದಫ್ತರದಲ್ಲಿ ದಾಖಲಾಗಿರುತ್ತದೆ. ಎಣಿಸಬಲ್ಲವನಿಗೆ ಅದೇ ಒಂದು ಪ್ರಯೋಗಶಾಲೆ. ಹಾಗೆ ಎಣಿಸಿದ ಒಬ್ಬ ವೈದ್ಯನ ಕತೆಯನ್ನೂ, ಅವನ ಎಣಿಕೆಯನ್ನು ನಂಬದವರ ಕತೆಯನ್ನೂ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಇದಕ್ಕೆ ಒಂದು ಪೂರ್ವಕಥೆಯುಂಟು. 1747ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ‘ಸಾಲ್ಸ್‌ಬರಿ’ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ, ಸ್ಕರ್ವಿ ರೋಗದಿಂದ ಒಸಡು ಕೊಳೆತು ನಿತ್ರಾಣರಾಗಿದ್ದ ಹನ್ನೆರಡು ಮಂದಿಯನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಊಟ. ಮದ್ದು ಮಾತ್ರ ಒಂದೊಂದು ಜೋಡಿಗೆ ಒಂದೊಂದು. ಒಬ್ಬರಿಗೆ ಸೇಬಿನ ಮದ್ಯ, ಇನ್ನೊಬ್ಬರಿಗೆ ವಿನೆಗರ್, ಮತ್ತೊಬ್ಬರಿಗೆ ಸಮುದ್ರದ ನೀರು, ಹೀಗೆ. ಕಿತ್ತಳೆ ಮತ್ತು ನಿಂಬೆಹಣ್ಣು ತಿಂದ ಇಬ್ಬರು ಆರೇ ದಿನಗಳಲ್ಲಿ ಚೇತರಿಸಿಕೊಂಡರು. ಲಿಂಡ್ 1753ರಲ್ಲಿ ಇದನ್ನು ಗ್ರಂಥವಾಗಿ ಪ್ರಕಟಿಸಿದ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ನಾವಿಕರ ಪಡಿಯಲ್ಲಿ ಸೇರಿಸಿದ್ದು 1795ರಲ್ಲಿ. ನಡುವೆ ನಲವತ್ತೆರಡು ವರ್ಷಗಳು ಸಂದವು. ಕಂಡುಹಿಡಿಯುವುದು ಒಂದು ಕೆಲಸ, ಒಪ್ಪಿಸುವುದು ಇನ್ನೊಂದು ಕೆಲಸ ಎಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಇನ್ನು ಜಪಾನಿಗೆ ಬರೋಣ. ಅಲ್ಲಿ ಬಹುಕಾಲದಿಂದ ‘ಕಕ್ಕೆ’ ಎಂಬ ರೋಗವೊಂದಿತ್ತು. ನಮ್ಮ ಕಕ್ಕೆಯ ಮರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಕಾಲಿನ ರೋಗ ಎಂಬುದು ಆ ಮಾತಿನ ಸ್ಥೂಲವಾದ ಅರ್ಥ. ಮೊದಲು ಕಾಲು ಜೋಮು ಹಿಡಿಯುತ್ತದೆ, ಆಮೇಲೆ ಬಾವು ಬರುತ್ತದೆ, ನಡೆಯಲಾಗುವುದಿಲ್ಲ, ಏದುಸಿರು ಹತ್ತುತ್ತದೆ, ಕೊನೆಗೆ ಹೃದಯ ಸೋತು ರೋಗಿ ಸಾಯುತ್ತಾನೆ. ಇದನ್ನೇ ಪಾಶ್ಚಾತ್ಯ ವೈದ್ಯರು ಬೆರಿಬೆರಿ ಎಂದು ಕರೆದರು. ಆ ಪದ ಸಿಂಹಳ ಭಾಷೆಯಿಂದ ಬಂದದ್ದೆಂದೂ ‘ಆಗದು, ಆಗದು’ ಎಂಬ ಅರ್ಥ ಅದಕ್ಕಿದೆಯೆಂದೂ ಹೇಳುತ್ತಾರೆ. ಇಂದು ಟೋಕಿಯೋ ಎನಿಸಿರುವ ಎಡೋ ನಗರಕ್ಕೆ ಹಳ್ಳಿಗಳಿಂದ ಬಂದವರಿಗೆ ಈ ರೋಗ ಅಂಟಿಕೊಳ್ಳುತ್ತಿತ್ತು. ಊರಿಗೆ ಹಿಂದಿರುಗಿದರೆ ವಾಸಿಯಾಗುತ್ತಿತ್ತು. ಆದ್ದರಿಂದ ಜನ ಅದನ್ನು ‘ಎಡೋ ಬೇನೆ’ ಎಂದೇ ಕರೆಯುತ್ತಿದ್ದರು. ಹಳ್ಳಿಯವನು ಒರಟು ಧಾನ್ಯ ಉಣ್ಣುವವನು, ಪಟ್ಟಣದವನು ಹೊಳಪು ಕೊಟ್ಟ ಬಿಳಿಯ ಅಕ್ಕಿಯನ್ನು ಉಣ್ಣುವವನು ಎಂಬ ಭೇದದ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ಚಕ್ರವರ್ತಿ ಮೇಜಿಯನ್ನೂ ಈ ಬೇನೆ ಬಿಟ್ಟಿರಲಿಲ್ಲ.

ಹೊಸದಾಗಿ ಕಟ್ಟಿದ ಜಪಾನೀ ನೌಕಾಪಡೆಯನ್ನು ಇದು ಹಣ್ಣು ಮಾಡಿತು. 1880ರ ಸುಮಾರಿಗೆ ವರ್ಷಕ್ಕೆ ನೂರಕ್ಕೆ ಮೂವತ್ತು ನಲವತ್ತು ನಾವಿಕರು ಇದರಿಂದ ಮಲಗುತ್ತಿದ್ದರು. ಆಗ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಐದು ವರ್ಷ ಓದಿ 1880ರಲ್ಲಿ ಮರಳಿ ಬಂದವನು ನೌಕಾವೈದ್ಯ ತಕಾಕಿ ಕಾನೆಹಿರೋ. ಇಂಗ್ಲೆಂಡಿನಲ್ಲಿ ಆತ ಈ ರೋಗವನ್ನು ಕಂಡಿರಲಿಲ್ಲ. ತನ್ನ ದೇಶದಲ್ಲಿ ಮಾತ್ರ ಏಕೆ? ಅವನು ಹಡಗುಗಳ ದಾಖಲೆಗಳನ್ನು ಹರಡಿಕೊಂಡು ಕುಳಿತ. ಹವೆ, ಉಡುಪು, ವಸತಿ ಒಂದೊಂದನ್ನೂ ತೂಗಿ ನೋಡಿದ. ಅಧಿಕಾರಿಗಳಲ್ಲಿ ರೋಗ ವಿರಳ, ಸಾಮಾನ್ಯ ನಾವಿಕರಲ್ಲಿ ಹೇರಳ. ಇಬ್ಬರೂ ಒಂದೇ ಹಡಗಿನವರು, ಒಂದೇ ಗಾಳಿ ಉಸಿರಾಡುವವರು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ನಾವಿಕರಿಗೆ ಆಗ ಊಟದ ಬಾಬ್ತು ಹಣ ಕೊಡುತ್ತಿದ್ದರು. ಬಡವರ ಮಕ್ಕಳು ಅವರು. ಅನ್ನಕ್ಕಷ್ಟು ಖರ್ಚು ಮಾಡಿ, ವ್ಯಂಜನಗಳಲ್ಲಿ ಉಳಿಸಿ, ಮಿಕ್ಕದ್ದನ್ನು ಗಂಟು ಕಟ್ಟುತ್ತಿದ್ದರು.

1882ರ ಕೊನೆಯಲ್ಲಿ ‘ರ್ಯೂಜೋ’ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿಗಳ ದೀರ್ಘಯಾತ್ರೆಗೆ ಹೊರಟಿತು. ಹಡಗಿನಲ್ಲಿದ್ದವರು 376 ಮಂದಿ. ಅವರಲ್ಲಿ 169 ಮಂದಿಗೆ ಬೆರಿಬೆರಿ ತಗುಲಿತು. 25 ಮಂದಿ ಸತ್ತರು. ತಕಾಕಿ ಈ ಅಂಕಿಗಳನ್ನು ಹಿಡಿದುಕೊಂಡು ಅಧಿಕಾರಸ್ಥರ ಬಾಗಿಲುಗಳನ್ನು ತಟ್ಟಿದ. ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಬೇಕು, ಊಟವನ್ನು ಮಾತ್ರ ಬದಲಾಯಿಸಬೇಕು ಎಂಬುದು ಅವನ ಬೇಡಿಕೆ. 1884ರ ಫೆಬ್ರವರಿಯಲ್ಲಿ ‘ತ್ಸುಕುಬಾ’ ಹೊರಟಿತು. ಅಕ್ಕಿಯನ್ನು ಕಡಿಮೆ ಮಾಡಿ ಮಾಂಸ, ಮೀನು, ಹಾಲು, ರೊಟ್ಟಿ, ಕಾಳುಗಳನ್ನು ಪಡಿಯಲ್ಲಿ ಸೇರಿಸಲಾಗಿತ್ತು. ಸುಮಾರು ಒಂಬತ್ತೂವರೆ ತಿಂಗಳ ಯಾತ್ರೆ. ಆ ಕಾಲವೆಲ್ಲ ತಕಾಕಿ ಹೇಗೆ ನಿದ್ದೆ ಮಾಡಿರಬಹುದು ಎಂದು ನಾನು ಯೋಚಿಸಿದ್ದುಂಟು. ಹಡಗು ಮರಳಿದಾಗ ಲೆಕ್ಕ ಹೀಗಿತ್ತು: ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಕಾಯಿಲೆ ಬಿದ್ದವರು ಇಪ್ಪತ್ತಕ್ಕಿಂತ ಕಡಿಮೆ, ಅವರಲ್ಲೂ ಹೆಚ್ಚಿನವರು ಹೊಸ ಊಟವನ್ನು ಸರಿಯಾಗಿ ತಿನ್ನದವರು. ಬೆರಿಬೆರಿಯಿಂದ ಒಬ್ಬನೂ ಸತ್ತಿರಲಿಲ್ಲ.

ನಾವಿಕರಿಗೆ ರೊಟ್ಟಿಯೂ ಮಾಂಸವೂ ರುಚಿಸಲಿಲ್ಲ. ಅನ್ನ ಕಂಡು ಬೆಳೆದ ನಾಲಗೆ ಅಷ್ಟು ಸುಲಭವಾಗಿ ಪಳಗುವುದಿಲ್ಲ. ಅದಕ್ಕೆ ತಕಾಕಿ ಹಟ ಹಿಡಿಯದೆ, 1885ರಿಂದ ಅಕ್ಕಿಯೊಡನೆ ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ಬೆರೆಸಿ ಬೇಯಿಸುವ ಏರ್ಪಾಡು ಮಾಡಿಸಿದ. 1883ರಲ್ಲಿ ನೌಕಾಪಡೆಯ ನೂರಕ್ಕೆ 23 ಮಂದಿಗೆ ಇದ್ದ ಬೆರಿಬೆರಿ, 1885ರಲ್ಲಿ ನೂರಕ್ಕೆ ಒಬ್ಬರಿಗೂ ಇರಲಿಲ್ಲ. ಮುಂದೆ ಸರ್ಕಾರ ಅವನಿಗೆ ಬ್ಯಾರನ್ ಪದವಿ ಕೊಟ್ಟಾಗ ಜನ ಪ್ರೀತಿಯಿಂದ ‘ಜವೆಗೋಧಿ ಬ್ಯಾರನ್’ ಎಂದು ಕರೆದರಂತೆ.

ಕತೆ ಇಲ್ಲಿಗೆ ಮುಗಿದಿದ್ದರೆ ಶುಭಂ ಎನ್ನಬಹುದಿತ್ತು. ಆದರೆ ಅದೇ ದೇಶದಲ್ಲಿ ಭೂಸೇನೆಯೂ ಇತ್ತು. ನೌಕಾಪಡೆಯ ವೈದ್ಯರು ಇಂಗ್ಲಿಷ್ ಪದ್ಧತಿಯವರು. ರೋಗಿಯ ಮಂಚದ ಬಳಿ ನಿಂತು ಗಮನಿಸುವುದು ಅವರ ಶಿಕ್ಷಣ. ಭೂಸೇನೆಯ ವೈದ್ಯರು ಜರ್ಮನ್ ಪದ್ಧತಿಯವರು. ಪ್ರಯೋಗಶಾಲೆಯೇ ಅವರಿಗೆ ಪ್ರಮಾಣ. ಅದು ಕಾಖ್ ಮಹಾಶಯ ಕ್ಷಯ ಮತ್ತು ಕಾಲರಾ ರೋಗಾಣುಗಳನ್ನು ತೋರಿಸಿಕೊಟ್ಟಿದ್ದ ಕಾಲ. ಬೆರಿಬೆರಿಗೂ ಒಂದು ರೋಗಾಣು ಇರಲೇಬೇಕು, ಅನ್ನವನ್ನು ದೂರುವುದು ಅವೈಜ್ಞಾನಿಕ ಎಂಬುದು ಅವರ ವಾದ. ಈ ಪಕ್ಷದಲ್ಲಿ ನಿಂತವರಲ್ಲಿ ಒಬ್ಬ, ಸಾಹಿತ್ಯಾಸಕ್ತರಾದ ತಮಗೆ ಬೇರೊಂದು ಕಾರಣಕ್ಕೆ ಪರಿಚಿತನಿರಬಹುದಾದವನು, ಮೋರಿ ಓಗಾಯ್. ಆಧುನಿಕ ಜಪಾನೀ ಸಾಹಿತ್ಯದ ನಿರ್ಮಾಪಕರಲ್ಲಿ ಒಬ್ಬನಾದ ಈ ಕತೆಗಾರ, ಕಾದಂಬರಿಕಾರ, ವೃತ್ತಿಯಿಂದ ಸೇನಾವೈದ್ಯ. ಜರ್ಮನಿಯಲ್ಲಿ ನಾಲ್ಕು ವರ್ಷ ಓದಿ 1888ರಲ್ಲಿ ಮರಳಿದವನು. ಅವನು ಸೈನಿಕರ ಆಹಾರವನ್ನು ಪ್ರಯೋಗಶಾಲೆಯಲ್ಲಿ ಅಳೆದು, ಆ ಕಾಲಕ್ಕೆ ತಿಳಿದಿದ್ದ ಮಾನದಂಡಗಳ ಪ್ರಕಾರ ಬಿಳಿಯ ಅನ್ನವೇ ಉತ್ತಮವೆಂದು ತೋರಿಸಿದ. ಅವನ ಅಳತೆಯಲ್ಲಿ ತಪ್ಪಿರಲಿಲ್ಲ. ಅಳೆಯಬೇಕಾದ ವಸ್ತುವಿನ ಹೆಸರೇ ಆಗ ಯಾರಿಗೂ ತಿಳಿದಿರಲಿಲ್ಲ.

ಪರಿಣಾಮವನ್ನು ಹೇಳಲು ನಾಲಗೆ ತಡೆಯುತ್ತದೆ. 1894–95ರ ಚೀನಾ ಯುದ್ಧದಲ್ಲಿ ಭೂಸೇನೆಯಲ್ಲಿ ಶತ್ರುವಿನ ಆಯುಧಕ್ಕೆ ಬಿದ್ದವರಿಗಿಂತ ಬೆರಿಬೆರಿಗೆ ಬಿದ್ದವರೇ ಹೆಚ್ಚು. 1904–05ರ ರಷ್ಯಾ ಯುದ್ಧದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಸೈನಿಕರು ಈ ಕಾಯಿಲೆಗೆ ತುತ್ತಾದರು. ಸುಮಾರು 27,000 ಮಂದಿ ಸತ್ತರು. ಅದೇ ಯುದ್ಧದಲ್ಲಿ ನೌಕಾಪಡೆಗೆ ಬೆರಿಬೆರಿಯ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಮನೆಯಲ್ಲಿ ಒರಟು ಧಾನ್ಯ ಉಂಡು ಬೆಳೆದ ರೈತರ ಮಕ್ಕಳಿಗೆ ದಿನವೂ ಬೆಳ್ಳನೆಯ ಅನ್ನ ಸಿಗುವುದೇ ಸೈನ್ಯದ ಒಂದು ಭಾಗ್ಯವಾಗಿತ್ತು. ಆ ಭಾಗ್ಯವೇ ಅವರನ್ನು ಕೊಂದಿತು. ಹೊಣೆಯನ್ನು ಓಗಾಯ್ ಒಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಅವನ ಮೇಲೆ ಹಿರಿಯ ಅಧಿಕಾರಿಗಳಿದ್ದರು, ಸರಬರಾಜಿನ ತೊಡಕುಗಳಿದ್ದವು. ಆದರೂ ಹೊಣೆ ಇಲ್ಲವೆನ್ನುವಂತೆಯೂ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ತಕಾಕಿಯ ಸಿದ್ಧಾಂತವೂ ತಪ್ಪಾಗಿತ್ತು! ಆಹಾರದಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಕಡಿಮೆಯಾಗಿ ಪಿಷ್ಟ ಹೆಚ್ಚಾದುದೇ ರೋಗಕ್ಕೆ ಕಾರಣವೆಂದು ಅವನು ನಂಬಿದ್ದ. ಅವನ ಪ್ರಯೋಗದಲ್ಲೂ ಕುಂದಿತ್ತು. ಲಿಂಡ್ ಒಂದೇ ಹಡಗಿನಲ್ಲಿ, ಒಂದೇ ಕಾಲದಲ್ಲಿ ಹೋಲಿಸಿ ನೋಡಿದ್ದ. ತಕಾಕಿ ಹೋಲಿಸಿದ್ದು ಬೇರೆ ಬೇರೆ ವರ್ಷದ ಎರಡು ಹಡಗುಗಳನ್ನು, ಅದೂ ಊಟದ ಹತ್ತು ಪದಾರ್ಥಗಳನ್ನು ಒಮ್ಮೆಗೇ ಬದಲಾಯಿಸಿ. ಎದುರಾಳಿಗಳ ಆಕ್ಷೇಪಣೆಗಳಲ್ಲಿ ತರ್ಕವಿತ್ತು. ಆದರೆ ಕಾರಣ ತಿಳಿಯುವವರೆಗೆ ರೋಗಿ ಕಾಯಲಾರ. ಏಕೆ ವಾಸಿಯಾಯಿತೆಂಬುದು ವಿವಾದದಲ್ಲಿದ್ದರೂ, ವಾಸಿಯಾಯಿತೆಂಬುದು ಲೆಕ್ಕದಲ್ಲಿದ್ದರೆ, ವೈದ್ಯ ಲೆಕ್ಕವನ್ನು ಹಿಡಿದು ನಡೆಯಬೇಕಾಗುತ್ತದೆ. ನೌಕಾಪಡೆ ಹಾಗೆ ನಡೆಯಿತು; ಭೂಸೇನೆ ಕಾರಣಕ್ಕಾಗಿ ಕಾಯುತ್ತ ಕುಳಿತಿತು.

ನಿಜವಾದ ಕಾರಣ ಸಿಕ್ಕಿದ್ದು ಜಾವಾ ದ್ವೀಪದ ಕೋಳಿಗಳಿಂದ. 1890ರ ದಶಕದಲ್ಲಿ ಡಚ್ ವೈದ್ಯ ಐಕ್‌ಮನ್, ಆಸ್ಪತ್ರೆಯಲ್ಲಿ ಮಿಕ್ಕ ಬಿಳಿಯ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಉಳಿದಿರುವ ಅಕ್ಕಿ ಕೊಟ್ಟರೆ ಅವು ಎದ್ದು ನಿಲ್ಲುವುದನ್ನೂ ಕಂಡ. 1912ರಲ್ಲಿ ಫುಂಕ್ ಎಂಬ ವಿಜ್ಞಾನಿ ಇಂಥ ಪದಾರ್ಥಗಳಿಗೆ ‘ವಿಟಮಿನ್’ ಎಂಬ ಹೆಸರನ್ನು ಟಂಕಿಸಿದ. ತೌಡಿನಲ್ಲಿರುವ ಬಿ-ಒಂದು ವಿಟಮಿನನ್ನು 1926ರಲ್ಲಿ ಜಾವಾದಲ್ಲಿ ಬೇರ್ಪಡಿಸಿದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದವನು ರಾಬರ್ಟ್ ವಿಲಿಯಮ್ಸ್. ಈ ಅಮೆರಿಕನ್ ವಿಜ್ಞಾನಿ ಹುಟ್ಟಿದ್ದು ಅಕ್ಕಿಗೆ ಹೆಸರಾದ ನಮ್ಮ ನೆಲ್ಲೂರಿನಲ್ಲಿ. ಪಿಷ್ಟದಿಂದ ಶಕ್ತಿಯನ್ನು ತೆಗೆಯಲು ದೇಹಕ್ಕೆ ಈ ವಿಟಮಿನು ಬೇಕೇ ಬೇಕು. ದೇಹದಲ್ಲಿ ಇದರ ದಾಸ್ತಾನು ಕೆಲವು ವಾರಗಳಿಗೆ ಮಾತ್ರ. ಅದು ಬರಿದಾದರೆ ಮೊದಲು ದಣಿಯುವುವು ನರಗಳು ಮತ್ತು ಹೃದಯ.

ನಮ್ಮ ಕರಾವಳಿಯವರಿಗೆ ಈ ಮಾತು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೆನಿಸುತ್ತದೆ. ದಕ್ಷಿಣ ಕನ್ನಡದ ಕುಚ್ಚಲಕ್ಕಿಯ ಗಂಜಿಯನ್ನು ಬೆಳ್ತಿಗೆ ಅನ್ನ ಉಣ್ಣುವವರು ಒರಟೆಂದು ಮೂಗು ಮುರಿಯುವುದುಂಟು. ಆದರೆ ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿದಾಗ ತೌಡಿನ ಪದರದಲ್ಲಿರುವ ಈ ವಿಟಮಿನು ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ಮಲಯಾ ದೇಶದಲ್ಲಿ ಕುಚ್ಚಲಕ್ಕಿ ಉಣ್ಣುತ್ತಿದ್ದ ದಕ್ಷಿಣ ಭಾರತದ ಕೂಲಿಗಳಿಗೆ ಬೆರಿಬೆರಿ ಬರುವುದು ಅಪರೂಪ, ಬಿಳಿಯ ಅಕ್ಕಿ ಉಣ್ಣುವ ಚೀನೀಯರಿಗೆ ಹೇರಳ ಎಂಬುದನ್ನು ಅಲ್ಲಿನ ವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಒನಕೆಯಲ್ಲಿ ಕೊಟ್ಟಣ ಕುಟ್ಟಿದ ಅಕ್ಕಿಯೂ, ಬಯಲುಸೀಮೆಯ ರಾಗಿಯೂ ಇದೇ ಬಗೆಯ ರಕ್ಷಣೆಯನ್ನು ನಮ್ಮ ಹಿರಿಯರಿಗೆ ಸದ್ದಿಲ್ಲದೆ ಕೊಟ್ಟಿದ್ದವು. ವಿಟಮಿನಿನ ಹೆಸರು ಅರಿಯದ ಆ ಒಲೆಗಳ ಮುಂದೆ ಕುಳಿತಿದ್ದ ತಾಯಂದಿರಿಗೆ ನಾವು ಋಣಿಗಳು.

ಕೊನೆಯದಾಗಿ ಒಂದು ಮಾತು. ಓಗಾಯ್ ಸೈನ್ಯದ ವೈದ್ಯಾಧಿಕಾರಿಯ ಹುದ್ದೆಯಲ್ಲಿದ್ದ ಕೊನೆಯ ವರ್ಷ, 1916ರಲ್ಲಿ, ‘ತಕಾಸೆಬುನೆ’ ಎಂಬ ಸಣ್ಣಕತೆಯನ್ನು ಪ್ರಕಟಿಸಿದ. ಸಾಯಲಾರದೆ ನರಳುತ್ತಿದ್ದ ತಮ್ಮನಿಗೆ ಬಿಡುಗಡೆ ಕೊಟ್ಟ ಅಣ್ಣನೊಬ್ಬನನ್ನು ದೋಣಿಯಲ್ಲಿ ಗಡೀಪಾರಿಗೆ ಒಯ್ಯುತ್ತಿದ್ದಾರೆ. ಕಾವಲಿಗಿದ್ದ ಅಧಿಕಾರಿಗೆ ಇದು ಕೊಲೆಯೇ ಎಂಬ ಸಂಶಯ ಹುಟ್ಟುತ್ತದೆ. ಮೇಲಿನವರ ತೀರ್ಪಿಗೆ ಬಿಟ್ಟುಬಿಡೋಣವೆಂದುಕೊಳ್ಳುತ್ತಾನೆ. ಆದರೂ ಸಂಶಯ ಅವನನ್ನು ಬಿಡುವುದಿಲ್ಲ. ಕತೆಗೂ ಬೆರಿಬೆರಿಗೂ ಸಂಬಂಧ ಕಲ್ಪಿಸುವ ಸಾಹಸ ನನ್ನದಲ್ಲ. ಆದರೆ ಆ ಅಧಿಕಾರಿ ಮೇಲಿನವರ ಮಾತಿಗೆ ತಲೆಬಾಗಿಯೂ ಮನಸ್ಸಿನಲ್ಲಿ ಒಪ್ಪದೆ ಕುಳಿತಿರುವ ಆ ದೋಣಿಯ ಚಿತ್ರವನ್ನು ಓದಿದಾಗಲೆಲ್ಲ ನನಗೆ ಮಂಚೂರಿಯದ ಆಸ್ಪತ್ರೆಗಳಲ್ಲಿ ಕಾಲು ಊದಿಸಿಕೊಂಡು ಮಲಗಿದ್ದ ಆ ರೈತರ ಮಕ್ಕಳು ನೆನಪಾಗುತ್ತಾರೆ.